ಪಾರ್ಟಿಶನ್ ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ: ಯುನಿಕ್ಸ್‌ನಲ್ಲಿ ಬೈಟಿಗೆ ಬೈಟ್ ನಕಲು

ಯುನಿಕ್ಸ್‌ನಲ್ಲಿ (ಲಿನಕ್ಸ್, ಬಿಎಸ್‌ಡಿ, ಮ್ಯಾಕ್ ಎಲ್ಲ ಆ ಕುಟುಂಬದವು) ಪಾರ್ಟಿಶನ್, ಅಂದರೆ ಡಿಸ್ಕ್‌ನ ಒಂದು ಪಾಲು, ಕೂಡ ಒಂದು ಫೈಲೇ. ಲಿನಕ್ಸ್‌ನಲ್ಲಿ ಅದರ ಹೆಸರು /ಡೆವ್/ಎಸ್‌ಡಿಎ3 ಎಂದಿರಬಹುದು, ಎನ್‌ವಿಎಂಇ ಡಿಸ್ಕ್ ಆದರೆ /ಡೆವ್/ಎನ್‌ವಿಎಂಇ0ಎನ್1ಪಿ3, ಫ್ರೀಬಿಎಸ್‌ಡಿಯಲ್ಲಿ /ಡೆವ್/ಎಡಿಎ0ಪಿ3. ಆ ಹೆಸರನ್ನು ತೆರೆದು ಓದುತ್ತ ಹೋದರೆ ಪಾರ್ಟಿಶನ್‌ನ ಮೊದಲ ಬೈಟ್‌ನಿಂದ ಕೊನೆಯ ಬೈಟ್‌ವರೆಗೂ ಸಾಲಾಗಿ ಸಿಗುತ್ತದೆ. ಫೋಲ್ಡರ್ ಯಾವುದು, ಪರ್ಮಿಶನ್ ಏನು, ಅಳಿಸಿಹೋದ ಫೈಲ್ ಎಲ್ಲಿತ್ತು ಎಂಬ ಯಾವ ಪರಿವೆಯೂ ಈ ಮಟ್ಟದಲ್ಲಿ ಇಲ್ಲ. ಹಾಗಾಗಿ ಒಂದು ಕಂಪ್ಯೂಟರ್‌ನ ಪಾರ್ಟಿಶನ್ ಅನ್ನು ಇನ್ನೊಂದಕ್ಕೆ ಸಾಗಿಸುವ ಕೆಲಸದ ಸಾರ ಇಷ್ಟೇ: ಇಲ್ಲಿ ಓದು, ಕೇಬಲ್‌ನಲ್ಲಿ ಕಳಿಸು, ಅಲ್ಲಿ ಬರೆ. ಎರಡೂ ಕಡೆ ಒಂದೊಂದು ಸಾಲಿನ ಕಮ್ಯಾಂಡ್ ಸಾಕು.

ಎಡವಟ್ಟು ಆಗುವುದು ಆ ಸಾಲಿನ ಆಚೀಚೆ. ಓದುತ್ತಿರುವಾಗಲೇ ಬೈಟ್‌ಗಳು ಬದಲಾಗುವುದು ಒಂದು. ಬೂಟ್ ಆಗಲು ಬೇಕಾದ ಕೆಲವು ಸಂಗತಿಗಳು ಪಾರ್ಟಿಶನ್‌ನ ಹೊರಗಿದ್ದು ಹಿಂದೆಯೇ ಉಳಿಯುವುದು ಇನ್ನೊಂದು. ಒಂದೇ ಕಂಪ್ಯೂಟರ್‌ಗೆ ಸೇರಿರಬೇಕಾದ ಗುರುತುಗಳು ಪಾರ್ಟಿಶನ್‌ನ ಒಳಗೇ ಕೂತಿದ್ದು ನಕಲಿನ ಜೊತೆ ಬಂದುಬಿಡುವುದು ಮತ್ತೊಂದು. ಮುಂದೆ ಹೇಳುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಈ ಮೂರರಲ್ಲಿ ಒಂದಕ್ಕೆ ಸೇರಿದವು.

ಕಮ್ಯಾಂಡ್‌ಗಳನ್ನು ಇಲ್ಲಿ ಓದಿಕೊಳ್ಳುವ ಹಾಗೆ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹೇಳಿದೆ.

ಮೊದಲು ಪಾರ್ಟಿಶನ್ ಅಲುಗಾಡದಂತೆ ಮಾಡಿ

500 ಜಿಬಿ ಹಾರ್ಡ್ ಡಿಸ್ಕ್ ಓದಿ ಮುಗಿಸಲು ಒಂದು ಗಂಟೆಗೂ ಮೀರಿ ಹಿಡಿಯುತ್ತದೆ. ಮೌಂಟ್ ಆಗಿ (ಸಿಸ್ಟಮ್‌ಗೆ ಜೋಡಣೆಯಾಗಿ) ಬಳಕೆಯಲ್ಲಿರುವ ಪಾರ್ಟಿಶನ್ ಅನ್ನು ಹೀಗೆ ಓದಿದರೆ, ಶುರುವಿನಲ್ಲಿರುವ ಐನೋಡ್ ಕೋಷ್ಟಕ (ಯಾವ ಫೈಲ್ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬ ಪಟ್ಟಿ) ಹತ್ತು ಗಂಟೆಯ ಸ್ಥಿತಿಯದು, ಕೊನೆಯಲ್ಲಿರುವ ಡೇಟಾ ಹನ್ನೊಂದೂವರೆಯದು. ಹತ್ತೂವರೆಗೆ ಒಂದು ಫೈಲ್ ಅಳಿಸಿ ಅದರ ಜಾಗದಲ್ಲಿ ಬೇರೆ ಫೈಲ್ ಬಂದಿದ್ದರೆ, ನಕಲಿನಲ್ಲಿ ಹಳೆಯ ಫೈಲಿನ ಹೆಸರಿನಡಿ ಹೊಸ ಫೈಲಿನ ಒಳಗು ಇರುತ್ತದೆ. ಜರ್ನಲ್ (ಮಾಡಲಿರುವ ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಇದೆಯಲ್ಲ, ಅದು ಸರಿಪಡಿಸುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ಕರೆಂಟ್ ಹೋದಾಗ ಡಿಸ್ಕ್ ಪೂರ್ತಿ ಒಂದೇ ಕ್ಷಣದಲ್ಲಿ ನಿಂತಿರುತ್ತದೆ, ಜರ್ನಲ್ ಕೂಡ ಆ ಕ್ಷಣದ್ದೇ. ಇಲ್ಲಿ ಜರ್ನಲ್ಲೇ ಬೇರೊಂದು ಹೊತ್ತಿನದು. ಇನ್ನೂ ಕೆಟ್ಟ ವಿಷಯವೆಂದರೆ, ಇಂಥ ನಕಲು ಎಷ್ಟೋ ಸಲ ತಕರಾರಿಲ್ಲದೆ ಮೌಂಟ್ ಆಗುತ್ತದೆ. ಒಳಗೆ ಹಾಳಾಗಿದೆ ಎಂದು ತಿಳಿಯುವುದು ವಾರಗಳ ನಂತರ.

ರೂಟ್ ಪಾರ್ಟಿಶನ್ (ಸಿಸ್ಟಮ್ ಇರುವ ಮುಖ್ಯ ಪಾರ್ಟಿಶನ್) ಆಗಿದ್ದರೆ ಎರಡೂ ಕಂಪ್ಯೂಟರ್‌ಗಳನ್ನು ಲೈವ್ ಪೆನ್‌ಡ್ರೈವ್‌ನಿಂದ (ಡಿಸ್ಕ್ ಮುಟ್ಟದೆ ತಾನೇ ಓಡುವ ಸಿಸ್ಟಮ್ ಅದರಲ್ಲಿರುತ್ತದೆ) ಬೂಟ್ ಮಾಡುವುದು ನೇರ ದಾರಿ. ಬೇರೆ ಡೇಟಾ ಪಾರ್ಟಿಶನ್ ಆದರೆ ಅನ್‌ಮೌಂಟ್ ಮಾಡಿದರೆ ಸಾಕು. ಕೆಲವು ಲೈವ್ ಸಿಸ್ಟಮ್‌ಗಳು ಕಂಡ ಪಾರ್ಟಿಶನ್‌ಗಳನ್ನೆಲ್ಲ ತಾವೇ ಮೌಂಟ್ ಮಾಡಿಕೊಳ್ಳುತ್ತವೆ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗ) ಸಿಕ್ಕರೆ ಬಳಸಲೂ ಶುರು ಮಾಡುತ್ತವೆ. ಹಾಗಾಗಿ ಎಲ್‌ಎಸ್‌ಬಿಎಲ್‌ಕೆ (ಡಿಸ್ಕ್‌ಗಳ ಪಟ್ಟಿ ಕೊಡುವ ಕಮ್ಯಾಂಡ್) ಹಾಕಿ ಮೌಂಟ್‌ಪಾಯಿಂಟ್ ಕಾಲಂ ಖಾಲಿ ಇದೆಯೇ ನೋಡಿಕೊಳ್ಳಿ. ನಂತರ ಮೂಲ ಪಾರ್ಟಿಶನ್ ಮೇಲೆ ಬ್ಲಾಕ್‌ಡೆವ್ --ಸೆಟ್‌ಆರ್‌ಒ ಓಡಿಸಿ. ಆ ಮೇಲೆ ಕಣ್ತಪ್ಪಿ ಅದಕ್ಕೇ ಬರೆಯುವ ಕಮ್ಯಾಂಡ್ ಕೊಟ್ಟರೂ ಕರ್ನಲ್ (ಸಿಸ್ಟಮ್‌ನ ತಿರುಳು) ಒಪ್ಪುವುದಿಲ್ಲ.

ಸರ್ವರ್ ನಿಲ್ಲಿಸುವಂತಿಲ್ಲ, ಆದರೆ ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಲಿನಕ್ಸ್ ವ್ಯವಸ್ಥೆ) ಮೇಲಿದೆ ಎಂದಾದರೆ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಸ್ಥಿತಿಯ ಚಿತ್ರ, ತೆಗೆದು ಅದನ್ನು ಓದಬಹುದು. ಸ್ನ್ಯಾಪ್‌ಶಾಟ್ ಹುಟ್ಟುವ ಕ್ಷಣದಲ್ಲಿ ಫೈಲ್‌ಸಿಸ್ಟಮ್ (ಪಾರ್ಟಿಶನ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಒಂದು ಗಳಿಗೆ ನಿಂತು, ಬಾಕಿ ಬರಹವನ್ನೆಲ್ಲ ಡಿಸ್ಕ್‌ಗೆ ಇಳಿಸುತ್ತದೆ, ಹಾಗಾಗಿ ಸ್ಥಿತಿ ಶುದ್ಧವಾಗಿರುತ್ತದೆ. ಆದರೆ ಸ್ನ್ಯಾಪ್‌ಶಾಟ್‌ಗೆ 10 ಜಿಬಿ ಮೀಸಲಿಟ್ಟಿದ್ದು, ನಕಲು ಮುಗಿಯುವಷ್ಟರಲ್ಲಿ ಮೂಲದಲ್ಲಿ ಅದಕ್ಕಿಂತ ಹೆಚ್ಚು ಬದಲಾದರೆ ಸ್ನ್ಯಾಪ್‌ಶಾಟ್ ಅಮಾನ್ಯವಾಗಿ, ಓದುವವನಿಗೆ ಐ/ಒ ಎರರ್ ಸಿಗುತ್ತದೆ. ಮೀಸಲು ಇಡುವಾಗ ಕೈ ಬಿಗಿ ಹಿಡಿಯಬೇಡಿ.

ಅಳತೆ ಮತ್ತು ಹೆಸರು

ಗುರಿ ಪಾರ್ಟಿಶನ್ ಮೂಲದಷ್ಟೇ ಇರಬೇಕು, ಇಲ್ಲವೇ ದೊಡ್ಡದಿರಬೇಕು. "ಎರಡೂ 500 ಜಿಬಿ" ಎಂಬ ಲೆಕ್ಕ ಸಾಲದು. ಸಾಮಾನ್ಯ 500 ಜಿಬಿ ಹಾರ್ಡ್ ಡಿಸ್ಕ್‌ನಲ್ಲಿ 512 ಬೈಟ್‌ನ 97,67,73,168 ಸೆಕ್ಟರ್‌ಗಳಿರುತ್ತವೆ, ಅಂದರೆ 5,00,10,78,62,016 ಬೈಟ್. ಅದೇ ಹಣೆಪಟ್ಟಿಯ ಎಸ್‌ಎಸ್‌ಡಿಯಲ್ಲಿ ಇಷ್ಟೇ ಇರುತ್ತದೆಂಬ ಖಾತ್ರಿ ಇಲ್ಲ. ಎರಡೂ ಕಡೆ ಬ್ಲಾಕ್‌ಡೆವ್ --ಗೆಟ್‌ಸೈಜ್64 ಹಾಕಿ ಬೈಟ್‌ಗಳನ್ನೇ ಹೋಲಿಸಿ, ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ ತಾಳೆ ನೋಡುವಾಗಲೂ ಅದು ಬೇಕಾಗುತ್ತದೆ.

ಗುರಿ ಒಂದೇ ಒಂದು ಸೆಕ್ಟರ್ ಕಡಿಮೆ ಇದ್ದರೂ ನಕಲು ಕೊನೆಯ ತನಕ ಓಡಿ, "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್" ಎಂದು ನಿಲ್ಲುತ್ತದೆ. ಫೈಲ್‌ಸಿಸ್ಟಮ್‌ನ ಸೂಪರ್‌ಬ್ಲಾಕ್‌ನಲ್ಲಿ (ಅದರ ಅಳತೆ, ಸ್ಥಿತಿಗಳ ಮುಖ್ಯ ದಾಖಲೆ) ಮಾತ್ರ ಹಳೆಯ ಉದ್ದವೇ ಬರೆದಿರುತ್ತದೆ. ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಮ್ ಆದ ಇಎಕ್ಸ್‌ಟಿ4 ಅಂಥದ್ದನ್ನು "ಬ್ಯಾಡ್ ಜಿಯೊಮೆಟ್ರಿ" ಎಂದು ಹೇಳಿ ಮೌಂಟ್ ಮಾಡಲು ನಿರಾಕರಿಸುತ್ತದೆ. ಗುರಿ ಚಿಕ್ಕದೇ ಆಗಿದ್ದರೆ ಮೊದಲು ಮೂಲದಲ್ಲೇ ಇ2ಎಫ್‌ಎಸ್‌ಸಿಕೆ -ಎಫ್, ನಂತರ ರಿಸೈಜ್2ಎಫ್‌ಎಸ್ ಓಡಿಸಿ ಫೈಲ್‌ಸಿಸ್ಟಮ್ ಕುಗ್ಗಿಸಿಕೊಳ್ಳಬೇಕು, ಗುರಿಗಿಂತ ಒಂದೆರಡು ಜಿಬಿ ಕಡಿಮೆ ಇರುವ ಹಾಗೆ. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್‌ಸಿಸ್ಟಮ್ ಆದರೆ ಕುಗ್ಗಿಸುವ ಆಸೆ ಬಿಡಿ, ಫೈಲ್ ಮಟ್ಟದ ನಕಲಿಗೆ ಹೋಗಿ. ಗುರಿ ದೊಡ್ಡದಾದರೆ ಚಿಂತೆಯಿಲ್ಲ. ನಕಲಾದ ಮೇಲೆ ಇಎಕ್ಸ್‌ಟಿ4ಕ್ಕೆ ರಿಸೈಜ್2ಎಫ್‌ಎಸ್, ಎಕ್ಸ್‌ಎಫ್‌ಎಸ್‌ಗೆ ಮೌಂಟ್ ಮಾಡಿ ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್ ಓಡಿಸಿದರೆ ಉಳಿದ ಜಾಗವೂ ಬಳಕೆಗೆ ಬರುತ್ತದೆ.

ಮೂಲ ಡಿಸ್ಕ್ 512 ಬೈಟ್ ಸೆಕ್ಟರ್‌ನದು, ಗುರಿ ಶುದ್ಧ 4096 ಬೈಟ್ ಸೆಕ್ಟರ್‌ನದು ಎಂಬ ಜೋಡಿಯೂ ಸಿಗುತ್ತದೆ. 512ರ ಸೆಕ್ಟರ್ ಇಟ್ಟುಕೊಂಡು ಹುಟ್ಟಿದ ಎಕ್ಸ್‌ಎಫ್‌ಎಸ್, 4096ರ ಡಿಸ್ಕ್ ಮೇಲೆ ಮೌಂಟೇ ಆಗುವುದಿಲ್ಲ. ಬೈಟ್‌ಗಳು ಒಂದೂ ತಪ್ಪದೆ ಬಂದಿರುತ್ತವೆ, ಆದರೂ ಪ್ರಯೋಜನವಿಲ್ಲ.

ಇನ್ನು ಹೆಸರು. ಎಸ್‌ಡಿಎ, ಎಸ್‌ಡಿಬಿ ಎಂಬುವು ಕರ್ನಲ್ ಡಿಸ್ಕ್‌ಗಳನ್ನು ಕಂಡ ಸರದಿಯಲ್ಲಿ ಕೊಟ್ಟ ಹೆಸರು, ಮುಂದಿನ ಬೂಟ್‌ನಲ್ಲಿ ಅದಲು ಬದಲಾಗಬಹುದು. ಪೆನ್‌ಡ್ರೈವೇ ಎಸ್‌ಡಿಎ ಆಗಿ ಕೂತಿರುವುದೂ ಉಂಟು. ಎಲ್‌ಎಸ್‌ಬಿಎಲ್‌ಕೆಗೆ ಗಾತ್ರ, ಮಾಡೆಲ್, ಸೀರಿಯಲ್ ನಂಬರ್ ಕಾಲಂಗಳನ್ನೂ ಕೇಳಿ, ಡಿಸ್ಕ್ ಮೇಲಿನ ಚೀಟಿಯ ಜೊತೆ ಹೋಲಿಸಿ. ಅಥವಾ /ಡೆವ್/ಡಿಸ್ಕ್/ಬೈ-ಐಡಿ ಒಳಗಿನ ಉದ್ದನೆಯ ಹೆಸರನ್ನೇ ಬಳಸಿ. ಬರೆಯುವ ಕಡೆ ಅಸ್ತಿತ್ವದಲ್ಲೇ ಇಲ್ಲದ ಹೆಸರು ಕೊಟ್ಟರೆ, ಉದಾಹರಣೆಗೆ ಎಸ್‌ಡಿಬಿ3 ಬದಲು ಎಸ್‌ಬಿಡಿ3 ಎಂದು ಬೆರಳು ತಪ್ಪಿದರೆ, ಎರರ್ ಬರುವುದಿಲ್ಲ! ನಕಲು ಮಾಡುವ ಕಮ್ಯಾಂಡ್ ಆದ ಡಿಡಿ ಸದ್ದಿಲ್ಲದೆ /ಡೆವ್ ಒಳಗೆ ಆ ಹೆಸರಿನ ಸಾಮಾನ್ಯ ಫೈಲ್ ಸೃಷ್ಟಿಸಿ ಅದರಲ್ಲಿ ಬರೆಯತೊಡಗುತ್ತದೆ. /ಡೆವ್ ಇರುವುದು ರ‍್ಯಾಮ್‌ನಲ್ಲಿ. ಮೊದಲ ಕೆಲವು ಸೆಕೆಂಡ್ ವೇಗ ನೋಡಿ ಖುಷಿಯಾಗುತ್ತದೆ, ಆಮೇಲೆ ಜಾಗ ಮುಗಿಯಿತು ಎಂಬ ಸಂದೇಶ. ಡಿಸ್ಕ್‌ನಲ್ಲಿ ಮಾತ್ರ ಒಂದು ಬೈಟೂ ಬಿದ್ದಿರುವುದಿಲ್ಲ.

ಗುರಿ ಡಿಸ್ಕ್‌ನಲ್ಲಿ ಪಾರ್ಟಿಶನ್‌ಗಳನ್ನು ಕೈಯಲ್ಲೇ ಮಾಡಬಹುದು, ಇಲ್ಲವೇ ಮೂಲದಲ್ಲಿ ಎಸ್‌ಎಫ್‌ಡಿಸ್ಕ್ -ಡಿ ಕೊಟ್ಟು ಪಾರ್ಟಿಶನ್ ಕೋಷ್ಟಕವನ್ನು ಪಠ್ಯ ಫೈಲಾಗಿ ತೆಗೆದು, ಗುರಿಯಲ್ಲಿ ಎಸ್‌ಎಫ್‌ಡಿಸ್ಕ್‌ಗೆ ಅದನ್ನೇ ಉಣಿಸಬಹುದು. ಪಠ್ಯವಾದ್ದರಿಂದ ಗಾತ್ರಗಳನ್ನು ಮಧ್ಯೆ ತಿದ್ದಲೂ ಬರುತ್ತದೆ. ಇಡೀ ಡಿಸ್ಕ್ ಅನ್ನೇ ನಕಲು ಮಾಡಿದರೆ ಕೋಷ್ಟಕ ತಾನಾಗಿ ಬರುತ್ತದೆ. ಆದರೆ ಜಿಪಿಟಿ (ಈಗಿನ ಪಾರ್ಟಿಶನ್ ಕೋಷ್ಟಕದ ರೂಪ) ತನ್ನ ಎರಡನೇ ಪ್ರತಿಯನ್ನು ಡಿಸ್ಕ್‌ನ ಕಟ್ಟಕಡೆಯಲ್ಲಿ ಇಡುವುದರಿಂದ, ಗುರಿ ದೊಡ್ಡದಾದಾಗ ಆ ಪ್ರತಿ ನಡುವೆ ಎಲ್ಲೋ ಉಳಿಯುತ್ತದೆ. ಎಸ್‌ಜಿಡಿಸ್ಕ್ -ಇ ಅದನ್ನು ಕೊನೆಗೆ ಸರಿಸುತ್ತದೆ.

ಡಿಡಿ ಹೇಳುವ ಲೆಕ್ಕ

ಡಿಡಿ ಹಳೆಯ ಕಮ್ಯಾಂಡ್. 1974ರ ಐದನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಇತ್ತು. ಐಎಫ್=, ಒಎಫ್= ಎಂಬ ವಿಚಿತ್ರ ಬರವಣಿಗೆ ಐಬಿಎಂ ಮೇನ್‌ಫ್ರೇಮ್‌ಗಳ ಜೆಸಿಎಲ್ ಭಾಷೆಯ ನೆರಳು. ಐಎಫ್ ಓದುವ ಕಡೆ, ಒಎಫ್ ಬರೆಯುವ ಕಡೆ, ಬಿಎಸ್ ಒಂದು ಸಲಕ್ಕೆ ಎಷ್ಟು ತುತ್ತು ಎಂಬುದು. ಬಿಎಸ್ ಹೇಳದಿದ್ದರೆ 512 ಬೈಟ್. ಅಷ್ಟು ಸಣ್ಣ ತುತ್ತಿನಲ್ಲಿ 500 ಜಿಬಿ ಮುಗಿಸಲು ಸುಮಾರು 98 ಕೋಟಿ ಸಲ ಓದಿ ಅಷ್ಟೇ ಸಲ ಬರೆಯಬೇಕು; ಡಿಸ್ಕ್ ಖಾಲಿ ಕೂತು ಪ್ರೊಸೆಸರ್ ಬೆವರುತ್ತದೆ. 1ಎಂ ಅಥವಾ 4ಎಂ ಕೊಡಿ. ಜಿಎನ್‌ಯು ಡಿಡಿಯಲ್ಲಿ ಅದು ದೊಡ್ಡ ಎಂ, ಹಳೆಯ ಬಿಎಸ್‌ಡಿ ಮತ್ತು ಮ್ಯಾಕ್‌ಗಳಲ್ಲಿ ಸಣ್ಣ ಎಂ. ಮ್ಯಾಕ್‌ನಲ್ಲಿ ಡಿಸ್ಕ್2 ಬದಲು ಆರ್‌ಡಿಸ್ಕ್2 ಎಂಬ ಕಚ್ಚಾ ಹೆಸರನ್ನು ಬಳಸಿದರೆ ವೇಗ ಗಮನಾರ್ಹವಾಗಿ ಏರುತ್ತದೆ.

ಕೆಲಸ ಮುಗಿದಾಗ ಡಿಡಿ ಮೂರು ಸಾಲು ಬರೆಯುತ್ತದೆ, ಅದನ್ನು ಓದಲು ಬರಬೇಕು. ಮೇಲೆ ಹೇಳಿದ 500 ಜಿಬಿ ಡಿಸ್ಕ್ ಅನ್ನು ಪೂರ್ತಿ ಬಿಎಸ್=4ಎಂ ಕೊಟ್ಟು ಓದಿದರೆ ಮೊದಲ ಸಾಲು "119235+1 ರೆಕಾರ್ಡ್ಸ್ ಇನ್" ಎಂದಿರುತ್ತದೆ. ಕೂಡು ಚಿಹ್ನೆಯ ಎಡಕ್ಕಿರುವುದು ಪೂರ್ತಿ 4 ಎಂಬಿಯ ತುತ್ತುಗಳು, ಬಲಕ್ಕಿರುವುದು ಅರ್ಧಂಬರ್ಧ ತುತ್ತುಗಳು. 119235 ತುತ್ತು ತೆಗೆದ ಮೇಲೆ 24,576 ಬೈಟ್, ಅಂದರೆ 48 ಸೆಕ್ಟರ್, ಉಳಿಯುತ್ತದೆ. ಆ +1 ಇದೇ. ಡಿಸ್ಕ್‌ನಿಂದ ನೇರ ಓದುವ ಕಡೆ ಬಲಗಡೆಯ ಸಂಖ್ಯೆ 0 ಅಥವಾ 1 ಇರಬೇಕು.

ನೆಟ್‌ವರ್ಕ್ ಆಚೆಯ ಡಿಡಿ ಬೇರೆ ಚಿತ್ರ ತೋರಿಸುತ್ತದೆ: "0+ಲಕ್ಷಗಟ್ಟಲೆ". ಪೈಪ್ (ಒಂದು ಕಮ್ಯಾಂಡ್‌ನ ಔಟ್‌ಪುಟ್ ಅನ್ನು ಇನ್ನೊಂದಕ್ಕೆ ಉಣಿಸುವ ದಾರಿ, ಚಿಹ್ನೆ |) ಒಂದು ಸಲಕ್ಕೆ 4 ಎಂಬಿ ಕೊಡುವುದಿಲ್ಲ, ಸಾಮಾನ್ಯವಾಗಿ 64 ಕೆಬಿ ಅಥವಾ ಅದಕ್ಕಿಂತ ಕಡಿಮೆ. ಡಿಡಿ ಸಿಕ್ಕಷ್ಟನ್ನೇ ಬರೆದು ಮುಂದೆ ಹೋಗುತ್ತದೆ. ಡೇಟಾಗೆ ಏನೂ ತೊಂದರೆಯಿಲ್ಲ, ಆದರೆ ಅಲ್ಲಿ ಕಾನ್ವ್=ಸಿಂಕ್ ಎಂದು ಸೇರಿಸಿದಿರೋ, ನಕಲು ಹಾಳಾದಂತೆ. ಆ ಆಯ್ಕೆ ಪ್ರತಿ ಅರ್ಧ ತುತ್ತನ್ನೂ ಸೊನ್ನೆ ತುಂಬಿ 4 ಎಂಬಿಗೆ ಹಿಗ್ಗಿಸುತ್ತದೆ, ಬೈಟ್‌ಗಳೆಲ್ಲ ಜಾಗ ಬಿಟ್ಟು ಜಾರುತ್ತವೆ. ಹೆಸರು ನೋಡಿ "ಡಿಸ್ಕ್‌ಗೆ ಸಿಂಕ್ ಮಾಡು" ಎಂದು ಅರ್ಥ ಮಾಡಿಕೊಂಡವರೇ ಇದಕ್ಕೆ ಬಲಿಯಾಗುವುದು. ಅವರಿಗೆ ಬೇಕಾಗಿದ್ದು ಕಾನ್ವ್=ಎಫ್‌ಸಿಂಕ್. ಬರೆಯುವ ಕಡೆ ಐಫ್ಲ್ಯಾಗ್=ಫುಲ್‌ಬ್ಲಾಕ್ ಕೊಟ್ಟರೆ ತುತ್ತು ತುಂಬುವವರೆಗೂ ಡಿಡಿ ಕಾಯುತ್ತದೆ.

ಇನ್ನೊಂದು ಬಲೆ ಕಾನ್ವ್=ಸ್ಪಾರ್ಸ್. ಬರೀ ಸೊನ್ನೆಗಳಿರುವ ತುತ್ತನ್ನು ಬರೆಯದೆ ಮುಂದೆ ಜಿಗಿಯುವುದು ಅದರ ಕೆಲಸ. ಇಮೇಜ್ ಫೈಲ್‌ಗೆ ಬರೆಯುವಾಗ ಒಳ್ಳೆಯದು. ಹಳೆಯ ಡೇಟಾ ಇರುವ ಪಾರ್ಟಿಶನ್‌ಗೆ ಬರೆಯುವಾಗ, ಸೊನ್ನೆ ಇರಬೇಕಾದಲ್ಲಿ ಹಳೆಯ ಕಸ ಹಾಗೇ ಉಳಿಯುತ್ತದೆ.

ಕೇಬಲ್‌ನಲ್ಲಿ ಕಳಿಸುವುದು

ಎರಡೂ ಕಂಪ್ಯೂಟರ್ ಪಕ್ಕಪಕ್ಕದಲ್ಲಿದ್ದರೆ ಒಂದು ನೆಟ್‌ವರ್ಕ್ ಕೇಬಲ್‌ನಿಂದ ನೇರ ಜೋಡಿಸಿ. ಗಿಗಾಬಿಟ್ ಪೋರ್ಟ್‌ಗಳಿಗೆ ಕ್ರಾಸ್ ಕೇಬಲ್ ಬೇಡ, ಅವು ತಾವೇ ಹೊಂದಿಸಿಕೊಳ್ಳುತ್ತವೆ. ಕಳಿಸುವ ಕಂಪ್ಯೂಟರ್‌ಗೆ 10.0.0.1, ಪಡೆಯುವುದಕ್ಕೆ 10.0.0.2 ವಿಳಾಸ ಕೊಡಿ. ಬೈಟ್‌ಗಳನ್ನು ಸಾಗಿಸುವುದು ನೆಟ್‌ಕ್ಯಾಟ್, ಅದರ ಕಮ್ಯಾಂಡ್ ಎನ್‌ಸಿ. ಮೊದಲು ಪಡೆಯುವ ಕಡೆ:

ಎನ್‌ಸಿ -ಎಲ್ 9000 | ಡಿಡಿ ಒಎಫ್=/ಡೆವ್/ಎಸ್‌ಡಿಬಿ3 ಬಿಎಸ್=4ಎಂ ಐಫ್ಲ್ಯಾಗ್=ಫುಲ್‌ಬ್ಲಾಕ್ ಕಾನ್ವ್=ಎಫ್‌ಸಿಂಕ್ ಸ್ಟೇಟಸ್=ಪ್ರೋಗ್ರೆಸ್

ನಂತರ ಕಳಿಸುವ ಕಡೆ:

ಡಿಡಿ ಐಎಫ್=/ಡೆವ್/ಎಸ್‌ಡಿಎ3 ಬಿಎಸ್=4ಎಂ | ಎನ್‌ಸಿ -ಎನ್ 10.0.0.2 9000

ಇಲ್ಲಿ -ಎನ್ ದೊಡ್ಡಕ್ಷರ. ಡೇಟಾ ಮುಗಿದ ಕೂಡಲೇ ಸಂಪರ್ಕ ಮುಚ್ಚು ಎಂದು ಅದರ ಅರ್ಥ. ಅದಿಲ್ಲದಿದ್ದರೆ ಎಲ್ಲ ಬೈಟ್ ತಲುಪಿದ ಮೇಲೂ ಎರಡೂ ಕಡೆ ಕರ್ಸರ್ ಮಿಣುಕುತ್ತ ಕೂತಿರುತ್ತದೆ, ಮುಗಿಯಿತೋ ಇಲ್ಲವೋ ತಿಳಿಯದು. ನೆಟ್‌ಕ್ಯಾಟ್‌ಗೆ ಒಂದಕ್ಕಿಂತ ಹೆಚ್ಚು ಅವತಾರಗಳಿವೆ, ತಲೆನೋವು ಅಲ್ಲಿಂದಲೇ. ಓಪನ್‌ಬಿಎಸ್‌ಡಿಯದಕ್ಕೆ ಮೇಲಿನ ರೂಪ. ಹಳೆಯ ಸಾಂಪ್ರದಾಯಿಕ ನೆಟ್‌ಕ್ಯಾಟ್‌ನಲ್ಲಿ ಪೋರ್ಟ್ ಹೇಳಲು -ಎಲ್ -ಪಿ 9000 ಎನ್ನಬೇಕು, ಮುಗಿಸಲು -ಕ್ಯೂ 1. ಅದಕ್ಕೆ ಬರೀ -ಎಲ್ 9000 ಕೊಟ್ಟರೆ ಕಾದು ಕೂತಂತೆ ಕಾಣುತ್ತದೆ, ಆದರೆ 9000ದಲ್ಲಿ ಇರುವುದಿಲ್ಲ. ಅನುಮಾನ ಬಂದರೆ ಎಸ್‌ಎಸ್ -ಎಲ್‌ಟಿಎನ್ ಹಾಕಿ ನೋಡಿ.

ನೆಟ್‌ಕ್ಯಾಟ್‌ಗೆ ಗೂಢಲಿಪಿಯೂ ಇಲ್ಲ, ಗುರುತು ಪರಿಶೀಲನೆಯೂ ಇಲ್ಲ. ಆ ಪೋರ್ಟ್‌ಗೆ ಮೊದಲು ಬಂದವರು ಏನು ಕಳಿಸಿದರೂ ಅದು ನಿಮ್ಮ ಡಿಸ್ಕ್‌ಗೆ ಬೀಳುತ್ತದೆ. ನೇರ ಕೇಬಲ್ ಬಿಟ್ಟು ಬೇರೆ ಯಾವುದೇ ನೆಟ್‌ವರ್ಕ್ ಆದರೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರ್‌ಗೆ ಗೂಢಲಿಪಿಯಲ್ಲಿ ಲಾಗಿನ್ ಆಗುವ ಸಾಧನ) ಬಳಸಿ:

ಡಿಡಿ ಐಎಫ್=/ಡೆವ್/ಎಸ್‌ಡಿಎ3 ಬಿಎಸ್=4ಎಂ | ಎಸ್‌ಎಸ್‌ಎಚ್ ರೂಟ್@10.0.0.2 'ಡಿಡಿ ಒಎಫ್=/ಡೆವ್/ಎಸ್‌ಡಿಬಿ3 ಬಿಎಸ್=4ಎಂ ಐಫ್ಲ್ಯಾಗ್=ಫುಲ್‌ಬ್ಲಾಕ್ ಕಾನ್ವ್=ಎಫ್‌ಸಿಂಕ್'

ಆಚೆ ಕಡೆ ಸುಡು (sudo, ರೂಟ್ ಅಧಿಕಾರದಲ್ಲಿ ಓಡಿಸುವ ಕಮ್ಯಾಂಡ್) ಬಳಸಿದರೆ ಅದು ಪಾಸ್‌ವರ್ಡ್ ಕೇಳಲು ಟರ್ಮಿನಲ್ ಹುಡುಕುತ್ತದೆ, ಸಿಗದೆ ನಿಲ್ಲುತ್ತದೆ. ಇದಕ್ಕೆ ಮದ್ದೆಂದು -ಟಿಟಿ ಕೊಟ್ಟು ಬಲವಂತವಾಗಿ ಟರ್ಮಿನಲ್ ಹುಟ್ಟಿಸಬೇಡಿ. ಟರ್ಮಿನಲ್ ಹಾದುಹೋಗುವ ಬೈಟ್‌ಗಳಲ್ಲಿ ಸಾಲು ಮುರಿಯುವ ಅಕ್ಷರ, ಕಂಟ್ರೋಲ್ ಅಕ್ಷರಗಳಿಗೆ ಬೇರೆ ಅರ್ಥ ಕಟ್ಟುತ್ತದೆ. ಬೈನರಿ ಡೇಟಾ ಅದರ ಮೂಲಕ ಸುರಕ್ಷಿತವಾಗಿ ಹಾಯುವುದಿಲ್ಲ. ಲೈವ್ ಸಿಸ್ಟಮ್‌ನಲ್ಲಿ ತಾತ್ಕಾಲಿಕವಾಗಿ ರೂಟ್ ಪಾಸ್‌ವರ್ಡ್ ಇಟ್ಟು, ಎಸ್‌ಎಸ್‌ಎಚ್ ಸರ್ವರ್‌ನಲ್ಲಿ ರೂಟ್ ಲಾಗಿನ್‌ಗೆ ಅನುಮತಿ ಕೊಟ್ಟು ಕೆಲಸ ಮುಗಿಸುವುದು ಮೇಲು.

ಹೊತ್ತು ಎಷ್ಟು? ಗಿಗಾಬಿಟ್ ಎಂದರೆ ಸೆಕೆಂಡಿಗೆ 125 ಎಂಬಿ, ಪ್ರೊಟೊಕಾಲ್ ಹೊರೆ ಕಳೆದು 115ರ ಆಸುಪಾಸು. 500 ಜಿಬಿಗೆ ಒಂದೂಕಾಲು ಗಂಟೆಯ ಹತ್ತಿರ. 100 ಮೆಗಾಬಿಟ್ ಸ್ವಿಚ್ ನಡುವೆ ಸಿಕ್ಕಿಕೊಂಡಿದ್ದರೆ ಅದೇ ಕೆಲಸಕ್ಕೆ 12 ಗಂಟೆ. ಪ್ರೋಗ್ರೆಸ್‌ನಲ್ಲಿ ಸೆಕೆಂಡಿಗೆ 11 ಎಂಬಿ ಎಂದು ಕಂಡರೆ ಡಿಸ್ಕ್ ಮೇಲೆ ಸಿಟ್ಟಾಗುವ ಮೊದಲು ಕೇಬಲ್ ಬದಲಿಸಿ ನೋಡಿ; ಎಂಟು ತಂತಿಗಳಲ್ಲಿ ಒಂದು ಕೈಕೊಟ್ಟರೂ ಪೋರ್ಟ್ ಸದ್ದಿಲ್ಲದೆ 100ಕ್ಕೆ ಇಳಿಯಬಹುದು.

ಕಂಪ್ರೆಸ್ ಮಾಡಿ ಕಳಿಸಿದರೆ ಬೇಗ ಆಗುತ್ತದೆಯೇ ಎಂಬುದು ಕೇಬಲ್ ಮತ್ತು ಪ್ರೊಸೆಸರ್ ನಡುವಿನ ಪಂದ್ಯ. ಜಿಜಿಪ್ ಒಂದೇ ಕೋರ್‌ನಲ್ಲಿ ಓಡುತ್ತದೆ, ಗಿಗಾಬಿಟ್ ಕೇಬಲ್‌ನ ವೇಗಕ್ಕೆ ಅದು ಸಾಲದೆ ಒಟ್ಟು ಕೆಲಸ ಇನ್ನಷ್ಟು ನಿಧಾನವಾಗುವುದೇ ಹೆಚ್ಚು. ಎಲ್‌ಝಡ್4, ಇಲ್ಲವೇ ಝಡ್‌ಸ್ಟ್ಯಾಂಡರ್ಡ್‌ನ ಮಟ್ಟ 1 ಎಲ್ಲ ಕೋರ್ ಬಳಸಿ, ಆಗ ಲಾಭ. ಪಾರ್ಟಿಶನ್‌ನಲ್ಲಿ ಖಾಲಿ ಜಾಗ ಬಹಳ ಇದ್ದರೂ ಅದು ನಿಜವಾಗಿ ಖಾಲಿ ಅಲ್ಲ, ಅಳಿಸಿದ ಫೈಲ್‌ಗಳ ಬೈಟ್‌ಗಳೇ ತುಂಬಿರುತ್ತವೆ. ಇಎಕ್ಸ್‌ಟಿ ಕುಟುಂಬಕ್ಕೆ ಝೀರೋಫ್ರೀ ಎಂಬ ಸಾಧನ ಅನ್‌ಮೌಂಟ್ ಆದ ಪಾರ್ಟಿಶನ್‌ನ ಬಳಸದ ಬ್ಲಾಕ್‌ಗಳಿಗೆಲ್ಲ ಸೊನ್ನೆ ತುಂಬುತ್ತದೆ. ಆಮೇಲೆ ಕಂಪ್ರೆಸ್ ಮಾಡಿದರೆ ಆ ಭಾಗ ಹೆಚ್ಚುಕಡಿಮೆ ಮಾಯ. ಮೂಲಕ್ಕೆ ಬರೆಯುವ ಕೆಲಸವಾದ್ದರಿಂದ ಇದನ್ನು ಸೆಟ್‌ಆರ್‌ಒ ಮಾಡುವ ಮೊದಲೇ ಮುಗಿಸಿ. ಎಲ್‌ಯುಕೆಎಸ್‌ನಿಂದ (ಲಿನಕ್ಸ್‌ನ ಡಿಸ್ಕ್ ಗೂಢಲಿಪಿ ವ್ಯವಸ್ಥೆ) ಎನ್‌ಕ್ರಿಪ್ಟ್ ಆದ ಪಾರ್ಟಿಶನ್ ಅನ್ನು ಬೀಗ ತೆಗೆಯದೆ ಹಾಗೇ ನಕಲು ಮಾಡಬಹುದು, ಅದೇ ಪಾಸ್‌ಫ್ರೇಸ್ ಅಲ್ಲೂ ನಡೆಯುತ್ತದೆ. ಆದರೆ ಕಂಪ್ರೆಶನ್‌ನಿಂದ ಅಲ್ಲಿ ಏನೂ ಗಿಟ್ಟದು. ಹಳೆಯ ಕಂಪ್ಯೂಟರ್‌ನ ಟಿಪಿಎಂ ಎಂಬ ಭದ್ರತಾ ಚಿಪ್‌ಗೆ ಕಟ್ಟಿದ ಕೀಲಿ ಹೊಸದರಲ್ಲಿ ಕೆಲಸ ಮಾಡುವುದಿಲ್ಲ, ಪಾಸ್‌ಫ್ರೇಸ್ ನೆನಪಿದೆಯೇ ಮೊದಲೇ ನೋಡಿಕೊಳ್ಳಿ.

ನಡುವೆ ನಿಂತರೆ ಮೊದಲಿನಿಂದ ಶುರು ಮಾಡಬೇಕಿಲ್ಲ. ಪಡೆಯುವ ಕಡೆ 40,000 ಪೂರ್ತಿ ತುತ್ತು ಬಿದ್ದಿವೆ ಎಂದು ಖಚಿತವಿದ್ದರೆ (4ಎಂ ಲೆಕ್ಕದಲ್ಲಿ ಸುಮಾರು 168 ಜಿಬಿ), ಕಳಿಸುವ ಡಿಡಿಗೆ ಸ್ಕಿಪ್=39000, ಪಡೆಯುವ ಡಿಡಿಗೆ ಸೀಕ್=39000 ಕೊಡಿ. ಸಾವಿರ ತುತ್ತು ಹಿಂದಕ್ಕೆ ಬಂದದ್ದು ಬಫರ್‌ನಲ್ಲಿ ಕಳೆದುಹೋದದ್ದಕ್ಕೆ. ಎರಡೂ ಕಡೆ ಬಿಎಸ್ ಒಂದೇ ಇರಬೇಕು, ಏಕೆಂದರೆ ಆ ಸಂಖ್ಯೆಗಳು ಬೈಟ್ ಅಲ್ಲ, ತುತ್ತಿನ ಲೆಕ್ಕ. ಕಂಪ್ರೆಸ್ ಮಾಡುತ್ತಿದ್ದರೂ ಸ್ಕಿಪ್ ಕಂಪ್ರೆಶನ್‌ಗೆ ಮೊದಲು, ಸೀಕ್ ಬಿಡಿಸಿದ ನಂತರ ಬರುವುದರಿಂದ ಲೆಕ್ಕ ಕೆಡುವುದಿಲ್ಲ.

ಮೂಲ ಡಿಸ್ಕೇ ಸಾಯುತ್ತಿದ್ದರೆ ಈ ಯಾವುದೂ ಬೇಡ. ಡಿಡಿ ಮೊದಲ ರೀಡ್ ಎರರ್‌ಗೇ ನಿಲ್ಲುತ್ತದೆ. ಕಾನ್ವ್=ನೋಎರರ್,ಸಿಂಕ್ ಕೊಟ್ಟರೆ ಮುಂದೆ ಹೋಗುತ್ತದೆ, ಆದರೆ ಒಂದು 4 ಕೆಬಿ ಸೆಕ್ಟರ್ ಕೆಟ್ಟಿದ್ದಕ್ಕೆ 4 ಎಂಬಿ ತುತ್ತನ್ನೇ, ಅಂದರೆ ಅದರ 1024 ಪಟ್ಟು, ಸೊನ್ನೆ ಮಾಡಿಬಿಡಬಹುದು. ಇದಕ್ಕೆ ಇರುವುದು ಜಿಎನ್‌ಯು ಡಿಡಿರೆಸ್ಕ್ಯೂ. ಮೊದಲ ಸುತ್ತಿನಲ್ಲಿ -ಎನ್ ಕೊಟ್ಟು ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳಿ, ಎರಡನೇ ಸುತ್ತಿನಲ್ಲಿ -ಆರ್3 ಕೊಟ್ಟು ಕೆಟ್ಟ ಜಾಗಗಳನ್ನು ಮತ್ತೆ ಮತ್ತೆ ಕೆದಕಿಸಿ. ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ಮ್ಯಾಪ್‌ಫೈಲ್‌ನಲ್ಲಿ ಬರೆದಿಡುವುದರಿಂದ ನಿಲ್ಲಿಸಿ ಮುಂದುವರಿಸಬಹುದು. ಹಿಂದೆ ಮುಂದೆ ಜಿಗಿಯುತ್ತ ಬರೆಯುವುದರಿಂದ ಅದು ಪೈಪ್‌ಗೆ ಒಗ್ಗುವುದಿಲ್ಲ. ಮೊದಲು ಇನ್ನೊಂದು ಡಿಸ್ಕ್‌ಗೆ ಇಮೇಜ್ ಮಾಡಿ, ಆ ಇಮೇಜ್ ಅನ್ನು ಕಳಿಸಿ.

ತಾಳೆ

ನಕಲು ಮುಗಿದ ಕೂಡಲೇ ಮೌಂಟ್ ಮಾಡಿ ನೋಡುವ ಆಸೆ ತಡೆದುಕೊಳ್ಳಿ. ಮೌಂಟ್ ಆದ ಕ್ಷಣದಲ್ಲೇ ಮೌಂಟ್ ಸಮಯ, ಎಣಿಕೆ ಎಲ್ಲ ಸೂಪರ್‌ಬ್ಲಾಕ್‌ಗೆ ಬರೆದು ಬೈಟ್ ಬದಲಾಗುತ್ತವೆ. ಓದಲು ಮಾತ್ರ ಎಂದು ಮೌಂಟ್ ಮಾಡಿದರೂ, ಜರ್ನಲ್‌ನಲ್ಲಿ ಬಾಕಿ ಇದ್ದರೆ ಇಎಕ್ಸ್‌ಟಿ4 ಅದನ್ನು ಮುಗಿಸಲು ಡಿಸ್ಕ್‌ಗೆ ಬರೆಯುತ್ತದೆ. ಹ್ಯಾಶ್ (ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಸಂಖ್ಯೆ) ಹೋಲಿಕೆ ಅದಕ್ಕೂ ಮೊದಲು ಆಗಬೇಕು. ಮೂಲದಲ್ಲಿ ಎಸ್‌ಎಚ್‌ಎ256ಸಮ್ /ಡೆವ್/ಎಸ್‌ಡಿಎ3. ಗುರಿಯಲ್ಲಿ ಹಾಗೇ ಓಡಿಸಿದರೆ, ಪಾರ್ಟಿಶನ್ ಒಂದಿಷ್ಟು ದೊಡ್ಡದಿದ್ದರೂ ಉತ್ತರ ಬೇರೆಯೇ ಬಂದು ಗಾಬರಿಯಾಗುತ್ತದೆ. ಮೊದಲೇ ಬರೆದಿಟ್ಟುಕೊಂಡ ಬೈಟ್ ಸಂಖ್ಯೆ ಇಲ್ಲಿ ಕೆಲಸಕ್ಕೆ ಬರುತ್ತದೆ: ಹೆಡ್ -ಸಿ ಜೊತೆ ಆ ಸಂಖ್ಯೆ ಕೊಟ್ಟು, ಅಷ್ಟನ್ನು ಮಾತ್ರ ಎಸ್‌ಎಚ್‌ಎ256ಸಮ್‌ಗೆ ಪೈಪ್ ಮಾಡಿ. ಚಿಕ್ಕ ಪಾರ್ಟಿಶನ್ ಆದರೆ ಡಿಸ್ಕ್ ಬದಲು ರ‍್ಯಾಮ್‌ನ ಕ್ಯಾಶೆಯಿಂದಲೇ ಉತ್ತರ ಬಂದುಬಿಡಬಹುದು. ಒಮ್ಮೆ ರೀಬೂಟ್ ಮಾಡಿ ಓದಿಸಿದರೆ ಆ ಅನುಮಾನ ಇರುವುದಿಲ್ಲ.

ಬೈಟ್ ನಕಲೇ ಬೇಕೆಂದಿಲ್ಲ

1 ಟಿಬಿ ಪಾರ್ಟಿಶನ್‌ನಲ್ಲಿ 60 ಜಿಬಿ ಡೇಟಾ ಇದ್ದರೆ ಡಿಡಿ 940 ಜಿಬಿ ಕಸವನ್ನೂ ಹೊರುತ್ತದೆ. ಪಾರ್ಟ್‌ಕ್ಲೋನ್ ಫೈಲ್‌ಸಿಸ್ಟಮ್‌ನ ಬಿಟ್‌ಮ್ಯಾಪ್ ಓದಿ, ಬಳಕೆಯಲ್ಲಿರುವ ಬ್ಲಾಕ್‌ಗಳನ್ನು ಮಾತ್ರ ಸಾಗಿಸುತ್ತದೆ. ಕ್ಲೋನ್‌ಜಿಲ್ಲಾ ಒಳಗೆ ಬಳಸುವುದೂ ಇದನ್ನೇ. ಅದರ ಔಟ್‌ಪುಟ್ ಕೂಡ ಪೈಪ್‌ನಲ್ಲಿ ನೆಟ್‌ಕ್ಯಾಟ್ ಮೂಲಕ ಹೋಗುತ್ತದೆ, ಆದರೆ ಅದು ಪಾರ್ಟ್‌ಕ್ಲೋನ್‌ನದೇ ರೂಪ, ಆಚೆ ಕಡೆ ಬಿಡಿಸಲೂ ಪಾರ್ಟ್‌ಕ್ಲೋನ್ ಬೇಕು. ಇಲ್ಲಿ ಇಡೀ ಪಾರ್ಟಿಶನ್‌ನ ಹ್ಯಾಶ್ ಹೊಂದುವುದಿಲ್ಲ, ಅದು ತಪ್ಪಲ್ಲ.

ಫೈಲ್‌ಸಿಸ್ಟಮ್ ಬದಲಿಸಬೇಕು, ಚಿಕ್ಕ ಡಿಸ್ಕ್‌ಗೆ ಹೋಗಬೇಕು, ಇಲ್ಲವೇ ಸರ್ವರ್ ನಿಲ್ಲಿಸುವ ಹೊತ್ತು ಕಡಿಮೆ ಇರಬೇಕು ಎಂದಾದರೆ ಫೈಲ್ ಮಟ್ಟದಲ್ಲಿ ನಕಲು ಮಾಡುವ ಆರ್‌ಸಿಂಕ್ ಬಳಸಿ. -ಎ ಒಂದೇ ಸಾಲದು. ಹಾರ್ಡ್‌ಲಿಂಕ್‌ಗೆ ದೊಡ್ಡ ಎಚ್, ಎಸಿಎಲ್‌ಗೆ (ವಿವರವಾದ ಪರ್ಮಿಶನ್ ಪಟ್ಟಿ) ದೊಡ್ಡ ಎ, ವಿಸ್ತೃತ ಗುಣಗಳಿಗೆ ದೊಡ್ಡ ಎಕ್ಸ್, ಬೇರೆ ಮೌಂಟ್‌ಗಳಿಗೆ ಹೋಗದಿರಲು ಸಣ್ಣ ಎಕ್ಸ್ ಸೇರಿಸಿ. --ನ್ಯೂಮರಿಕ್-ಐಡ್ಸ್ ಮರೆತರೆ ಲೈವ್ ಸಿಸ್ಟಮ್‌ನ ಹೆಸರುಗಳಿಗೆ ಹೊಂದಿಸಲು ಹೋಗಿ ಫೈಲ್‌ಗಳ ಒಡೆತನ ಅದಲು ಬದಲಾಗುತ್ತದೆ. ಸರ್ವರ್ ಓಡುತ್ತಿರುವಾಗಲೇ ಒಂದು ಸುತ್ತು, ನಿಲ್ಲಿಸಿ ಬದಲಾದದ್ದಕ್ಕೆ ಇನ್ನೊಂದು ಸುತ್ತು. ಎರಡನೆಯದು ಸಾಮಾನ್ಯವಾಗಿ ಬೇಗ ಮುಗಿಯುತ್ತದೆ. ಎರಡೂ ಕಡೆ ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಇದ್ದರೆ ಈ ಚರ್ಚೆಯೇ ಬೇಡ: ಸ್ನ್ಯಾಪ್‌ಶಾಟ್, ಝಡ್‌ಎಫ್‌ಎಸ್ ಸೆಂಡ್, ಝಡ್‌ಎಫ್‌ಎಸ್ ರಿಸೀವ್.

ಹೊಸ ಕಂಪ್ಯೂಟರ್‌ನಲ್ಲಿ ಬೂಟ್

ನಕಲಾದ ಫೈಲ್‌ಸಿಸ್ಟಮ್‌ನ ಯುಯುಐಡಿಯೂ (ಅದನ್ನು ಗುರುತಿಸುವ ಅನನ್ಯ ಸಂಖ್ಯೆ) ಮೂಲದ್ದೇ. ಹಳೆಯ ಡಿಸ್ಕ್ ಹಳೆಯ ಕಂಪ್ಯೂಟರ್‌ನಲ್ಲೇ ಇರುವುದಾದರೆ ಇದು ಅನುಕೂಲವೇ, ಎಫ್‌ಎಸ್‌ಟ್ಯಾಬ್ (ಬೂಟ್‌ನಲ್ಲಿ ಏನೇನು ಮೌಂಟ್ ಆಗಬೇಕೆಂಬ ಪಟ್ಟಿ) ತಿದ್ದದೆ ನಡೆಯುತ್ತದೆ. ಎರಡೂ ಡಿಸ್ಕ್ ಒಂದೇ ಕಂಪ್ಯೂಟರ್‌ಗೆ ಸೇರಿದಾಗ ತಕರಾರು. ಎಕ್ಸ್‌ಎಫ್‌ಎಸ್ ಎರಡನೆಯದನ್ನು ಮೌಂಟ್ ಮಾಡುವುದಿಲ್ಲ. ಬಿಟಿಆರ್‌ಎಫ್‌ಎಸ್ ಎರಡನ್ನೂ ಒಂದೇ ಫೈಲ್‌ಸಿಸ್ಟಮ್‌ನ ತುಂಡುಗಳೆಂದು ಭಾವಿಸಿ ಡೇಟಾ ಕೆಡಿಸುವ ಅಪಾಯವಿದೆ. ಟ್ಯೂನ್2ಎಫ್‌ಎಸ್ ಅಥವಾ ಎಕ್ಸ್‌ಎಫ್‌ಎಸ್_ಅಡ್ಮಿನ್‌ಗೆ ದೊಡ್ಡ ಯು ಆಯ್ಕೆ ಕೊಟ್ಟು ಹೊಸ ಯುಯುಐಡಿ ಹಾಕಿ, ಆಮೇಲೆ ಎಫ್‌ಎಸ್‌ಟ್ಯಾಬ್ ಮತ್ತು ಗ್ರಬ್ (ಕರ್ನಲ್ ಅನ್ನು ಎಬ್ಬಿಸುವ ಬೂಟ್‌ಲೋಡರ್) ಎರಡನ್ನೂ ತಿದ್ದಿ. ಎಫ್‌ಎಸ್‌ಟ್ಯಾಬ್‌ನಲ್ಲಿ ಇಲ್ಲದ ಪಾರ್ಟಿಶನ್‌ನ ಹೆಸರು ಉಳಿದರೆ ಸಿಸ್ಟಮ್‌ಡಿ (ಬೂಟ್ ಮತ್ತು ಸೇವೆಗಳನ್ನು ನಡೆಸುವ ಪ್ರೋಗ್ರಾಂ) ಒಂದೂವರೆ ನಿಮಿಷ ಅದಕ್ಕಾಗಿ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ. ಹೆಚ್ಚಿನ ಸಲ ತಪ್ಪಿತಸ್ಥ /ಬೂಟ್/ಇಎಫ್‌ಐ ಸಾಲು.

ಬೂಟ್‌ಲೋಡರ್ ರೂಟ್ ಪಾರ್ಟಿಶನ್‌ನ ಜೊತೆ ಬರುವುದಿಲ್ಲ. ಹಳೆಯ ಪದ್ಧತಿಯಲ್ಲಿ ಅದರ ಮೊದಲ ತುಂಡು ಡಿಸ್ಕ್‌ನ ಮೊದಲ ಸೆಕ್ಟರ್‌ನ 446 ಬೈಟ್‌ಗಳಲ್ಲಿ ಇರುತ್ತದೆ. ಈಗಿನ ಯುಇಎಫ್‌ಐ ಪದ್ಧತಿಯಲ್ಲಿ ಪ್ರತ್ಯೇಕ ಇಎಫ್‌ಐ ಪಾರ್ಟಿಶನ್‌ನಲ್ಲಿ, ಮತ್ತು ಯಾವುದನ್ನು ಬೂಟ್ ಮಾಡಬೇಕೆಂಬ ಪಟ್ಟಿ ಮದರ್‌ಬೋರ್ಡ್‌ನ ಮೆಮೊರಿಯಲ್ಲಿ. ಡಿಸ್ಕ್‌ನಲ್ಲೇ ಇಲ್ಲದ್ದನ್ನು ಡಿಡಿ ಹೇಗೆ ತಂದೀತು? ಲೈವ್ ಸಿಸ್ಟಮ್‌ನಲ್ಲಿ ಹೊಸ ರೂಟ್ ಅನ್ನು /ಎಂಎನ್‌ಟಿಗೆ ಮೌಂಟ್ ಮಾಡಿ, ಇಎಫ್‌ಐ ಪಾರ್ಟಿಶನ್ ಅನ್ನು ಅದರೊಳಗಿನ /ಬೂಟ್/ಇಎಫ್‌ಐಗೆ ಹಚ್ಚಿ, /ಡೆವ್, /ಪ್ರೋಕ್, /ಸಿಸ್ ಮೂರನ್ನೂ ಬೈಂಡ್ ಮಾಡಿ, ಸಿಎಚ್‌ರೂಟ್ (ಹೊಸ ರೂಟ್ ಅನ್ನೇ ತನ್ನ ಸಿಸ್ಟಮ್ ಎಂದು ಕಾಣುವ ಟರ್ಮಿನಲ್) ಒಳಗಿಂದ ಗ್ರಬ್-ಇನ್‌ಸ್ಟಾಲ್ ಮತ್ತು ಅಪ್‌ಡೇಟ್-ಗ್ರಬ್ ಓಡಿಸಿ. ಅಲ್ಲೇ ಇದ್ದಾಗ ಇನಿಟ್‌ರ‍್ಯಾಮ್‌ಎಫ್‌ಎಸ್ (ರೂಟ್ ಸಿಗುವ ತನಕ ಕರ್ನಲ್ ಬಳಸುವ ಪುಟ್ಟ ಸಿಸ್ಟಮ್) ಕೂಡ ಹೊಸದಾಗಿ ಕಟ್ಟಿಸಿ. ಹಳೆಯ ಕಂಪ್ಯೂಟರ್‌ಗೆ ಬೇಕಾದ ಡ್ರೈವರ್ ಮಾತ್ರ ಅದರಲ್ಲಿದ್ದು, ಹೊಸದರ ಡಿಸ್ಕ್ ಕಂಟ್ರೋಲರ್‌ಗೆ ಇಲ್ಲದಿದ್ದರೆ ಗ್ರಬ್ ಬಂದು, ಕರ್ನಲ್ ಎದ್ದು, "ರೂಟ್ ಡಿವೈಸ್ ಸಿಗಲಿಲ್ಲ" ಎಂಬಲ್ಲಿ ನಿಲ್ಲುತ್ತದೆ.

ಎರಡೂ ಕಂಪ್ಯೂಟರ್ ಮುಂದೆಯೂ ಒಟ್ಟಿಗೆ ಓಡುವುದಾದರೆ ಇನ್ನೂ ಮೂರು ಗುರುತು ಬದಲಿಸಬೇಕು. ಹೋಸ್ಟ್‌ನೇಮ್ ಎಲ್ಲರಿಗೂ ನೆನಪಿರುತ್ತದೆ. ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳನ್ನು /ಇಟಿಸಿ/ಎಸ್‌ಎಸ್‌ಎಚ್‌ನಿಂದ ಅಳಿಸಿ, ಎಸ್‌ಎಸ್‌ಎಚ್-ಕೀಜೆನ್‌ಗೆ ದೊಡ್ಡ ಎ ಕೊಟ್ಟು ಮತ್ತೆ ಹುಟ್ಟಿಸಿ. ಇಲ್ಲವಾದರೆ ಒಂದರ ಖಾಸಗಿ ಕೀಲಿ ಕದ್ದವರು ಇನ್ನೊಂದರ ವೇಷವನ್ನೂ ಹಾಕಬಹುದು. ಮೂರನೆಯದು ಯಾರಿಗೂ ನೆನಪಾಗದ /ಇಟಿಸಿ/ಮಷೀನ್-ಐಡಿ. ಸಿಸ್ಟಮ್‌ಡಿಯ ನೆಟ್‌ವರ್ಕ್ ಸೇವೆ ಡಿಎಚ್‌ಸಿಪಿಗೆ (ಐಪಿ ವಿಳಾಸ ಹಂಚುವ ವ್ಯವಸ್ಥೆಗೆ) ತನ್ನ ಗುರುತನ್ನು ಈ ಸಂಖ್ಯೆಯಿಂದ ಕಟ್ಟುವುದರಿಂದ, ನೆಟ್‌ವರ್ಕ್ ಕಾರ್ಡ್‌ನ ವಿಳಾಸ ಬೇರೆಯಿದ್ದರೂ ಎರಡೂ ಕಂಪ್ಯೂಟರ್‌ಗೆ ಒಂದೇ ಐಪಿ ಸಿಕ್ಕು, ಒಂದನ್ನು ಆನ್ ಮಾಡಿದಾಗ ಇನ್ನೊಂದರ ಸಂಪರ್ಕ ಕಡಿಯುತ್ತದೆ. ಕೇಬಲ್, ಸ್ವಿಚ್ ಎಲ್ಲ ಬದಲಿಸಿದರೂ ಕಾರಣ ಸಿಗದು. ಆ ಫೈಲಿನ ಒಳಗನ್ನು ಖಾಲಿ ಮಾಡಿ, ಫೈಲ್ ಅಳಿಸಬೇಡಿ. ಮುಂದಿನ ಬೂಟ್‌ನಲ್ಲಿ ಸಿಸ್ಟಮ್‌ಡಿ ಹೊಸ ಸಂಖ್ಯೆಯನ್ನು ತಾನೇ ತುಂಬಿಕೊಳ್ಳುತ್ತದೆ.